ನೀಲವ್ವನ ‘ತಗೊಂಡೇನಿ’, ನನ್ನ ‘ಟೇಕನ್’

ಮೂವತ್ತೊಂದು ವರ್ಷ ನಾನು ಧಾರವಾಡದ ಒಂದು ಸಣ್ಣ ಭಾಷಾಂತರ ಕಚೇರಿಯಲ್ಲಿ ಕೆಲಸ ಮಾಡಿದೆ. ಭಾಷಾಂತರ ಎಂದ ಕೂಡಲೇ ಜನ ಕಥೆ, ಕಾದಂಬರಿ ಅಂದುಕೊಳ್ಳುತ್ತಾರೆ. ನನ್ನ ಕೈಯಲ್ಲಿ ಅಂಥದ್ದು ಒಂದೂ ಹಾದು ಹೋಗಲಿಲ್ಲ. ಬಾಡಿಗೆ ಕರಾರು, ಮೃತ್ಯುಪತ್ರ, ಪಂಪ್‌ಸೆಟ್ಟಿನ ಪೆಟ್ಟಿಗೆಯಲ್ಲಿ ಬರುವ ಪುಸ್ತಿಕೆ, ಔಷಧಿಯ ಚೀಟಿ, ಕಂಪನಿಯವರ ಪತ್ರಗಳು, ಇವೇ ನನ್ನ ಸಾಹಿತ್ಯ. ಈಗ ಆ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಮೊನ್ನೆ ಮನೆಗೆ ಬಂದಿದ್ದರು. “ಬಾಯಾರ, ಎಲ್ಲೆಲ್ಲಿ ಎಡವೀರಿ ಅಷ್ಟ ಬರದು ಕೊಡ್ರಿ, ಉಳಿದದ್ದು ನಾವು ಕಲೀತೀವಿ” ಅಂದರು. ಎಡವಿದ್ದನ್ನೆಲ್ಲ ಬರೆದರೆ ದೊಡ್ಡ ಗ್ರಂಥವೇ ಆದೀತು. ಹಾಗಾಗಿ ಒಂದೇ ಒಂದು ಇಂಗ್ಲಿಷ್ ಕ್ರಿಯಾಪದ ಹಿಡಿದುಕೊಂಡು ಹೇಳುತ್ತೇನೆ. ‘ಟೇಕ್.’ ಮಕ್ಕಳಿಗೂ ಗೊತ್ತಿರುವ ಶಬ್ದ. ನನ್ನನ್ನು ಮೊದಲ ದಿನ ಕೆಡವಿದ್ದೂ ಅದೇ, ಮುಂದೆ ತಲೆಗೂದಲು ಬೆಳ್ಳಗಾದ ಮೇಲೆ ಇನ್ನೊಮ್ಮೆ ಕೆಡವಿದ್ದೂ ಅದೇ.

ಕಚೇರಿ ನಡೆಸುತ್ತಿದ್ದವರು ಇನಾಮದಾರ ಸರ್. ಕೋರ್ಟಿನ ಹತ್ತಿರ, ಒಂದು ಕನ್ನಡಕದ ಅಂಗಡಿಯ ಮೇಲಿನ ಎರಡು ಕೋಣೆ. ಬಿಳಿ ಪೈಜಾಮ, ಬಿಳಿ ಅಂಗಿ, ಮಾತಿನಲ್ಲಿ ಮಾತ್ರ ಖಾರ. ನಾನು ಇಂಗ್ಲಿಷ್ ಎಂ.ಎ. ಮುಗಿಸಿ, ಸರ್ಟಿಫಿಕೇಟುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋಗಿದ್ದೆ. ಅವರು ಕವರು ಬಿಚ್ಚಲೇ ಇಲ್ಲ. ಒಂದು ಹಾಳೆ ಕೊಟ್ಟು, “ಇವು ಹತ್ತು ವಾಕ್ಯ. ಕನ್ನಡ ಮಾಡ್ರಿ. ಚಹಾ ಬರೂತನಕಾ ಟೈಮ್ ಅದ” ಅಂದರು. ಎಲ್ಲವೂ ಸಣ್ಣ ಸಣ್ಣ ವಾಕ್ಯ, ಎಲ್ಲದರಲ್ಲೂ ಟೇಕ್. ನನಗೆ ಅವಮಾನವೇ ಆಯಿತು. ಎಂ.ಎ. ಮಾಡಿದವಳಿಗೆ ಇದೇನು ಪರೀಕ್ಷೆ ಎಂದು ಸರಸರ ಬರೆದು, ಚಹಾ ಬರುವ ಮೊದಲೇ ಕೊಟ್ಟೆ.

ಸರ್ ಓದಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಬಸ್ಸು ಹುಬ್ಬಳ್ಳಿಗೆ ಹೋಗಲು ಒಂದು ತಾಸು ತೆಗೆದುಕೊಳ್ಳುತ್ತದೆ. ಛಲೋ. ತೊಗೊಂಡು ಏನ್ ಮಾಡ್ತದ? ಬಸ್ಸಿಗೆ ಕಿಸೆ ಅದ ಏನು?”

ನಾನು ತಲೆ ತಗ್ಗಿಸಿದೆ.

“ದಯವಿಟ್ಟು ಕುರ್ಚಿ ತೆಗೆದುಕೊಳ್ಳಿ. ಇಲ್ಲಿ ಇರೋವೇ ನಾಕು ಕುರ್ಚಿ. ಬಂದವರೆಲ್ಲ ಒಂದೊಂದು ತೊಗೊಂಡು ಹೋದ್ರ ನಾ ಎಲ್ಲಿ ಕೂಡಲಿ?” ಮುಂದಿನದಕ್ಕೆ ಅವರಿಗೇ ನಗು ತಡೆಯಲಾಗಲಿಲ್ಲ. “ಅವನು ತನ್ನ ತಂದೆಯ ನಂತರ ತೆಗೆದುಕೊಳ್ಳುತ್ತಾನೆ! ಅಪ್ಪಂದು ಊಟಾ ಆದ ಮ್ಯಾಲೆ ಮಗಾ ತಾಟು ಹಿಡೀತಾನ ಅಂದಂಗಾತು. ಭಾಳ ಮರ್ಯಾದಿ ಇರೋ ಹುಡುಗ. ಆದ್ರ ಮೂಲದಾಗ ಅಂವಾ ಅಪ್ಪನ್ಹಾಂಗ ಇದ್ದಾನ ಅಂತಷ್ಟ ಅದ.”

ಹತ್ತರಲ್ಲಿ ನಾನು ಎಂಟು ಕಡೆ ‘ತೆಗೆದುಕೊ’ ಹಾಕಿದ್ದೆ. ಸರ್ ಪ್ರಕಾರ ಆ ಹತ್ತರಲ್ಲಿ ಅದು ಸಲ್ಲುವುದು ಎರಡೇ ಕಡೆ. ಬಸ್ಸಿಗೆ ತಾಸು ಹಿಡಿಯುತ್ತದೆ. ಬಂದವರು ಕೂತುಕೊಳ್ಳುತ್ತಾರೆ. ಮಗುವನ್ನು ಸಾಲೆಗೆ ಕರೆದುಕೊಂಡು ಹೋಗುತ್ತೇವೆ, ಚೀಲವನ್ನು ಒಯ್ಯುತ್ತೇವೆ. ಮಂತ್ರಿ ಪ್ರಮಾಣವಚನ ಸ್ವೀಕರಿಸುತ್ತಾನೆ. ಪರೀಕ್ಷೆಗೆ ಕೂಡುತ್ತೇವೆ, ಫೋಟೋ ತೆಗೆಯುತ್ತೇವೆ. ಇಂಗ್ಲಿಷು ಒಂದೇ ಚೀಲದಲ್ಲಿ ತುಂಬಿದ್ದನ್ನು ಕನ್ನಡ ಬೇರೆ ಬೇರೆ ಡಬ್ಬಿಗಳಲ್ಲಿ ಇಟ್ಟಿದೆ ಎಂದು ನನಗೆ ತಿಳಿದದ್ದು ಆ ದಿನ. ಕೆಲಸ ಸಿಗುವುದಿಲ್ಲ ಎಂದುಕೊಂಡು ಕವರು ಎತ್ತಿಕೊಂಡೆ. ಸರ್ ಚಹಾದ ಕಪ್ಪನ್ನು ನನ್ನ ಕಡೆ ಸರಿಸಿ, “ನಾಳೆ ಹತ್ತಕ್ಕ ಬರ್ರಿ. ತಪ್ಪು ಹೇಳಿದ್ರ ಸಿಟ್ಟಿಗೇಳಲಿಲ್ಲ, ಅಷ್ಟು ಸಾಕು” ಅಂದರು.

ಸಿಟ್ಟು ಬಂದಿತ್ತು. ಆದರೆ ನನಗೆ ಆ ಕೆಲಸ ಬೇಕಾಗಿತ್ತು.

ಎರಡನೆಯ ಪಾಠ ಆಸ್ಪತ್ರೆಯಲ್ಲಿ ಆಯಿತು. ಒಬ್ಬ ಡಾಕ್ಟರು ತಮ್ಮ ರೋಗಿಗಳಿಗೆ ಕೊಡುವ ಚೀಟಿಗಳನ್ನು ಕನ್ನಡ ಮಾಡಿಸಿದರು. ಮಾಡಿದವಳು ನಾನು. ಟೇಕ್ ವಿತ್ ಫುಡ್ ಎಂದು ಇದ್ದಲ್ಲೆಲ್ಲ, ಬಹಳ ಸುಸಂಸ್ಕೃತವಾಗಿ, ‘ಆಹಾರದೊಂದಿಗೆ ತೆಗೆದುಕೊಳ್ಳಿ’ ಎಂದು ಬರೆದೆ. ಹದಿನೈದು ದಿನಕ್ಕೆ ಡಾಕ್ಟರು ನಮ್ಮನ್ನು ಕರೆಸಿದರು. ಅವರ ಎದುರಿಗೆ ಹೆಬ್ಬಳ್ಳಿಯ ಒಬ್ಬ ಅಜ್ಜ ರುಮಾಲು ಸುತ್ತಿಕೊಂಡು ಕೂತಿದ್ದ. ಡಾಕ್ಟರು, “ಅಜ್ಜಾ, ಇವರಿಗೂ ಒಂದ್ಸಲ ಹೇಳು” ಅಂದರು.

“ಏನ್ ಹೇಳ್ಲಿರಿ ಯವ್ವಾ,” ಅಂದ ಅಜ್ಜ. “ಆಹಾರದ ಜೋಡಿ ತಗೋ ಅಂತ ಚೀಟ್ಯಾಗ ಬರದಿತ್ತು. ಮೊಮ್ಮಗಳು ಓದಿ ಹೇಳಿದ್ಲು. ಅದಕ್ಕ ಆ ಔಷಧದ ಪುಡಿ ಝುಣಕದಾಗ ಕಲಸಿದೆ. ನಮ್ಮ ಮುದುಕಿ ಝುಣಕಾ ಭಾಳ ಚೆಂದ ಮಾಡಿದ್ಲ್ರಿ. ನಿಮ್ಮ ಪುಡಿ ಬಿದ್ದಿದ್ದ ತಡಾ, ನಾಯಿ ಸುದ್ದಾ ಮೂಸಿ ನೋಡಲಿಲ್ಲ. ಎರಡು ದಿನಾ ಆತು, ಮುದುಕಿ ನನ್ನ ಜೋಡಿ ಮಾತ ಬಿಟ್ಟಾಳ.”

ಪುಡಿಯನ್ನು ನೀರಿನಲ್ಲಿ ಕದಡಿ, ಊಟದ ನಡುವೆ ಕುಡಿಯಬೇಕಿತ್ತು. ಪುಣ್ಯಕ್ಕೆ ಅಜ್ಜನಿಗೆ ಏನೂ ಆಗಿರಲಿಲ್ಲ, ಕಡಲೆಹಿಟ್ಟಿನ ಝುಣಕವಷ್ಟೇ ಕೆಟ್ಟಿತ್ತು. ಡಾಕ್ಟರು ನಗುತ್ತ, “ನೀವು ಒಂದು ಮುಂಜಾನಿ ಇಲ್ಲೇ ಕೂಡ್ರಿ. ಜನಾ ಹೆಂಗ ಮಾತಾಡ್ತಾರ ಕೇಳ್ರಿ” ಅಂದರು. ಕೂತೆ. ಅವರ ಮೇಜಿನ ಪಕ್ಕ, ಸ್ಟೂಲಿನ ಮೇಲೆ, ಮಧ್ಯಾಹ್ನದವರೆಗೆ. ಗುಳಿಗೆ ನುಂಗಿದೆ ಅಂದರು. ಔಷಧ ಕುಡಿದೆ ಅಂದರು. ಇಂಜೆಕ್ಷನ್ ಮಾಡಿಸಿಕೊಂಡೆ, ಮುಲಾಮು ಹಚ್ಚಿಕೊಂಡೆ, ಕಣ್ಣಿಗೆ ಹನಿ ಹಾಕಿಕೊಂಡೆ, ಹಬೆ ಎಳೆದುಕೊಂಡೆ. ಅಷ್ಟು ಮಂದಿಯಲ್ಲಿ ಔಷಧಿ ‘ತೆಗೆದುಕೊಂಡೆ’ ಎಂದವನು ಒಬ್ಬನೇ. ಅವನು ಔಷಧ ಅಂಗಡಿಯಿಂದ ತೆಗೆದುಕೊಂಡಿದ್ದ, ಇನ್ನೂ ಕುಡಿದಿರಲಿಲ್ಲ! ಚೀಟಿಗಳನ್ನೆಲ್ಲ ತಿರುಗಿ ಬರೆದೆ. ಅಂದಿನಿಂದ ಏನೇ ಬಂದರೂ, ಇದನ್ನು ಕೊನೆಗೆ ಓದುವವರು ಯಾರು ಎಂದು ಕೇಳಿಯೇ ಪೆನ್ನು ಹಿಡಿಯುತ್ತಿದ್ದೆ.

ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಮೊದಲು ತಪ್ಪಾದರೆ ಇಡೀ ಹಾಳೆ ಹರಿದು ಹಾಕಬೇಕಿತ್ತು. ಅದರಿಂದ ಬೆರಳು ಇಡುವ ಮೊದಲು ವಾಕ್ಯ ತಲೆಯಲ್ಲಿ ಪೂರ್ತಿ ಆಗಿರುತ್ತಿತ್ತು. ಕಂಪ್ಯೂಟರಿನಲ್ಲಿ ಎಷ್ಟು ಸಲ ಬೇಕಾದರೂ ಅಳಿಸಬಹುದು. ಈ ಸೌಕರ್ಯ ನನ್ನನ್ನು ಸ್ವಲ್ಪ ಸಡಿಲ ಮಾಡಿತು ಎಂದು ಒಪ್ಪಿಕೊಳ್ಳುತ್ತೇನೆ. ಆಮೇಲೆ ತಾನೇ ಅನುವಾದ ಮಾಡುವ ಯಂತ್ರ ಬಂತು. ಮೊದಲ ವಾರ ಒಂದು ಗಿರಣಿಯ ಪುಸ್ತಿಕೆ ಹಾಕಿ ನೋಡಿದೆವು. ಮುಚ್ಚಳ ತೆಗೆಯಿರಿ ಎನ್ನಲು ಅಲ್ಲಿ ಟೇಕ್ ಆಫ್ ಎಂದಿತ್ತು. ಯಂತ್ರ ‘ಮುಚ್ಚಳವು ಹಾರಲಿ’ ಎಂದು ಕೊಟ್ಟಿತು. ಇನಾಮದಾರ ಸರ್ ಆಗ ಮುಪ್ಪಿನಿಂದ ಮಧ್ಯಾಹ್ನ ಎರಡು ತಾಸು ಮಾತ್ರ ಬರುತ್ತಿದ್ದರು. ಅವರು ಅದನ್ನು ಓದಿ, ಕನ್ನಡಕ ಒರೆಸಿಕೊಂಡು, “ಇದಕ್ಕೂ ನಾಳೆ ಹತ್ತಕ್ಕ ಬಾ ಅನ್ನೋಣೇನು?” ಅಂದರು. ಈಗ ಆ ಯಂತ್ರ ಬಹಳ ಸುಧಾರಿಸಿದೆ. ಎಷ್ಟೋ ಸಲ ನನಗಿಂತ ಚೊಕ್ಕ ಮಾಡುತ್ತದೆ. ಆಗ ಮಾತ್ರ ನನಗೆ ಅದರ ಮೇಲೆ ಒಂದಿಷ್ಟೂ ನಂಬಿಕೆ ಇರಲಿಲ್ಲ. ಮುಖ್ಯ ಕಾಗದಗಳನ್ನು ನಾನೇ ಮಾಡುತ್ತಿದ್ದೆ. ಅದಕ್ಕೇ ಮುಂದೆ ಹೇಳುವ ತಪ್ಪನ್ನು ಯಂತ್ರದ ತಲೆಗೆ ಕಟ್ಟುವಂತಿಲ್ಲ. ಅದು ನೂರಕ್ಕೆ ನೂರು ನನ್ನದೇ.

ಹುಬ್ಬಳ್ಳಿಯಲ್ಲಿ ಒಂದು ಬಟ್ಟೆ ಹೊಲಿಯುವ ಕಂಪನಿ ಇತ್ತು. ಹೆಸರು ಬೇಡ. ಅದರ ಮುಖ್ಯ ಕಚೇರಿ ಮುಂಬೈಯಲ್ಲಿ. ಹುಬ್ಬಳ್ಳಿಯ ಕೆಲಸಗಾರರು ಬರೆದದ್ದನ್ನೆಲ್ಲ ನಾವು ಇಂಗ್ಲಿಷ್ ಮಾಡಿ ಕಳಿಸುತ್ತಿದ್ದೆವು. ನಮ್ಮ ಕಚೇರಿಗೆ ಅದೇ ದೊಡ್ಡ ಗಿರಾಕಿ. ಒಮ್ಮೆ ಹಳೆಯ ಮ್ಯಾನೇಜರು ನಿವೃತ್ತರಾಗಿ ಹೊಸಬರು ಬಂದರು. ಹೊಲಿಗೆ ಯಂತ್ರಗಳನ್ನು ಎಣಿಸಿದಾಗ ಒಂದು ಕಡಿಮೆ ಬಿತ್ತು. ಹೊಸ ಮ್ಯಾನೇಜರು ಅಲ್ಲಿಯ ನಲವತ್ತು ಕೆಲಸಗಾರರಿಗೂ, ನಿಮಗೇನು ಗೊತ್ತು ಬರೆದುಕೊಡಿ ಅಂದರು. ಆ ನಲವತ್ತು ಚೀಟಿ ಒಂದೇ ಮಧ್ಯಾಹ್ನ ನನ್ನ ಮೇಜಿಗೆ ಬಂದವು, ಸಂಜೆಯೊಳಗೆ ಬೇಕು ಎಂದು. ಹೆಚ್ಚಿನವರು ‘ನನಗೆ ಗೊತ್ತಿಲ್ಲ’ ಎಂದು ಒಂದೇ ಸಾಲು ಬರೆದಿದ್ದರು. ಒಬ್ಬಳು ಮೂರು ಸಾಲು ಬರೆದಿದ್ದಳು. “ಆ ಹಳೇ ಮಶೀನು ನಾನು ತಗೊಂಡೇನಿ. ಅದು ನಮ್ಮ ಮನಿಯಾಗ ಐತಿ. ಹಿಂದಿನ ಮ್ಯಾನೇಜರ್ ಸಾಹೇಬರಿಗೆ ಗೊತ್ತೈತಿ.”

ನಾನು ಬರೆದೆ: ಐ ಹ್ಯಾವ್ ಟೇಕನ್ ದಿ ಓಲ್ಡ್ ಮಶೀನ್. ಉಳಿದೆರಡು ಸಾಲನ್ನೂ ಹಾಗೇ ಇಂಗ್ಲಿಷ್ ಮಾಡಿ ಮುಂದಿನ ಚೀಟಿಗೆ ಹೋದೆ.

ಎರಡು ವಾರದ ನಂತರ ಒಬ್ಬ ಹೆಣ್ಣುಮಗಳು ನಮ್ಮ ಮೆಟ್ಟಿಲು ಹತ್ತಿ ಬಂದಳು. ನಲವತ್ತರ ಆಸುಪಾಸು, ಇಲಕಲ್ ಸೀರೆ, ಕೈಯಲ್ಲಿ ಮಡಚಿದ ಲಕೋಟೆ. “ನಾನು ನೀಲವ್ವ ರೀ, ಗರಗದಾಕಿ. ಇದರಾಗ ಏನ್ ಬರದಾರ ಓದಿ ಹೇಳ್ರಿ ಅಕ್ಕಾರ. ಕಂಪನಿ ಗೇಟಿನಾಗ ಒಳಗ ಬಿಡವಲ್ರು” ಅಂದಳು. ನಮ್ಮ ಕಚೇರಿ ಆಕೆಗೆ ಸಿಕ್ಕದ್ದು ಆಕಸ್ಮಿಕ, ಹೊರಗಿನ ಹಲಗೆ ನೋಡಿ ಬಂದಿದ್ದಳು.

ನಾನು ಪತ್ರ ಬಿಡಿಸಿದೆ. ಇಂಗ್ಲಿಷಿನಲ್ಲಿ ಒಂದು ಪುಟ. ನೀವು ಕಂಪನಿಯ ಯಂತ್ರವನ್ನು ಒಯ್ದಿರುವುದಾಗಿ ನೀವೇ ಒಪ್ಪಿಕೊಂಡಿದ್ದೀರಿ. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬಾರದು. ಕೆಲಸದಿಂದ ಯಾಕೆ ತೆಗೆಯಬಾರದು, ಪೊಲೀಸರಿಗೆ ಯಾಕೆ ದೂರು ಕೊಡಬಾರದು, ಕಾರಣ ತಿಳಿಸಿ. ನಡುವೆ ಉದ್ಧರಣ ಚಿಹ್ನೆಯೊಳಗೆ ಒಂದು ವಾಕ್ಯ ಇತ್ತು. ಅದು ನನ್ನದು. ಅಕ್ಷರಕ್ಕೆ ಅಕ್ಷರ ನನ್ನದೇ.

ಓದಿ ಹೇಳಿದೆ. ನೀಲವ್ವ ಎದ್ದು ನಿಂತಳು. “ಕಳುವು ಮಾಡೇನಿ ಅಂತ ನಾ ಎಲ್ಲಿ ಬರದೇನ್ರಿ? ತಗೊಂಡೇನಿ ಅಂತ ಬರದೇನಿ. ರೊಕ್ಕಾ ಕೊಟ್ಟು ತಗೊಂಡೇನಿ. ಹಳೇ ಸಾಹೇಬ್ರು ಮೂಲ್ಯಾಗ ಬಿದ್ದ ಮಶೀನು ಮಾರಿದ್ರು, ರಸೀದಿ ಅಲ್ಲೇ ರಿಜಿಸ್ಟರಿನಾಗ ಹಚ್ಚ್ಯಾರ. ನಮ್ಮೂರಾಗ ಎಲ್ಲಾರೂ ಹಂಗ ಅಂತಾರ. ಸೀರಿ ತಗೊಂಡೆ, ಎಮ್ಮಿ ತಗೊಂಡೆ ಅನ್ನೂದಿಲ್ಲೇನ್ರಿ?”

ಅನ್ನುತ್ತೇವೆ. ನಾನೂ ಅನ್ನುತ್ತೇನೆ. ಹಿಂದಿನ ದಿನವೇ ತಂಗಿಗೆ ಫೋನಿನಲ್ಲಿ ಪ್ರೆಶರ್ ಕುಕ್ಕರ್ ತಗೊಂಡೆ ಅಂದಿದ್ದೆ. ಆ ಇಂಗ್ಲಿಷ್ ವಾಕ್ಯ ಬರೆದವಳು ನಾನೇ ಎಂದು ಆಗಲೇ ಹೇಳಬೇಕಿತ್ತು. “ನಾಳೆ ಬಾ ನೀಲವ್ವಾ, ಉತ್ತರಾ ಬರದು ಕೊಡ್ತೀನಿ” ಎಂದು ಕಳಿಸಿಬಿಟ್ಟೆ.

ಮಧ್ಯಾಹ್ನ ಇನಾಮದಾರ ಸರ್ ಬಂದಾಗ ನೀಲವ್ವನ ಚೀಟಿ, ನನ್ನ ಇಂಗ್ಲಿಷ್ ಎರಡನ್ನೂ ಅವರ ಮುಂದಿಟ್ಟೆ. ಅವರು ಕನ್ನಡ ಓದಿದರು, ಇಂಗ್ಲಿಷ್ ಓದಿದರು, ಮತ್ತೆ ಕನ್ನಡ ಓದಿದರು. ಬೈಯುತ್ತಾರೆಂದು ಕಾದೆ.

“ಈಗ ಏನ್ ಮಾಡ್ತೀರಿ?”

“ತಪ್ಪಾಗೇದ ಅಂತ ಕಂಪನಿಗೆ ಬರೀತೀನ್ರಿ ಸರ್. ಆದ್ರ ಅವರು ನಮಗ ಮತ್ತ ಕೆಲಸಾ ಕೊಡೂದಿಲ್ಲ.”

“ಕೊಡಲಿಕ್ಕಿಲ್ಲ” ಅಂದರು ಅವರು. “ಯಾರ ತಪ್ಪು ಅಂತ ಬರೀತೀರಿ?”

“ನಂದು.”

“ಹೌದು, ನಿಮ್ಮದು. ಕೆಳಗ ನೀವು ಸಹಿ ಮಾಡ್ರಿ. ಅದರ ಕೆಳಗ ನಾನೂ ಮಾಡ್ತೀನಿ. ಹೊರಗಿನ ಹಲಗಿ ಮ್ಯಾಲೆ ನನ್ನ ಹೆಸರು ಅದ.” ಕಾಗದಗಳನ್ನು ನನ್ನ ಕಡೆ ಸರಿಸಿ, “ಬರೇ ಪತ್ರ ಸಾಲೂದಿಲ್ಲ. ವಿಚಾರಣೆಗೆ ಆಕಿ ಜೋಡಿ ನೀವ ಹೋಗ್ರಿ” ಅಂದರು.

ನೀಲವ್ವನ ಉತ್ತರ, ನಮ್ಮ ತಿದ್ದುಪಡಿ ಪತ್ರ ಎರಡನ್ನೂ ಕಂಪನಿಗೆ ಕಳಿಸಿದೆ. ವಿಚಾರಣೆಯ ದಿನ ಧಾರವಾಡದಿಂದ ಹುಬ್ಬಳ್ಳಿ ಬಸ್ಸಿನಲ್ಲಿ ನೀಲವ್ವನ ಪಕ್ಕ ಕೂತೆ. ಹೇಳದೆ ಇಳಿಯಬಾರದು ಎಂದು ಗಟ್ಟಿ ಮಾಡಿಕೊಂಡಿದ್ದೆ. “ನೀಲವ್ವಾ, ಆ ಪತ್ರದಾಗಿನ ಇಂಗ್ಲಿಷ್ ಮಾತು ನಾನ ಬರದದ್ದು. ನೀನು ಖರೀದಿ ಮಾಡೀನಿ ಅಂದದ್ದನ್ನ ನಾನು ಒಯ್ದೀನಿ ಅಂತ ಮಾಡಿಬಿಟ್ಟೆ.”

ಆಕೆ ಕಿಟಕಿಯ ಕಡೆ ತಿರುಗಿದಳು. ನವನಗರ ದಾಟಿದ ಮೇಲೆ ಕೇಳಿದಳು, “ಮತ್ತ ಅವತ್ತ ಯಾಕ ಹೇಳಲಿಲ್ರಿ?”

“ಹೆದರಿದೆ.”

“ನಾನೂ ಹೆದರೇನ್ರಿ, ಅಕ್ಕಾರ. ಮನ್ಯಾಗ ಯಾರಿಗೂ ಹೇಳಿಲ್ಲ. ದಿನಾ ಬುತ್ತಿ ಕಟಗೊಂಡು ಬಂದು ಸಂಜಿಮಟಾ ಬಸ್‌ಸ್ಟ್ಯಾಂಡಿನಾಗ ಕುಂತು ಹೋಗಾಕತ್ತೇನಿ. ನಾ ಬರೋಬ್ಬರಿ ಬರದಿದ್ದೆ, ಆದ್ರೂ.”

ಆಮೇಲೆ ಆಕೆಯೇ ಬುತ್ತಿಯ ಗಂಟು ಬಿಚ್ಚಿ ಅರ್ಧ ರೊಟ್ಟಿ ಮುರಿದು ಕೊಟ್ಟಳು. “ತಿನ್ರಿ. ಅಲ್ಲಿ ಹಸದ ಹೊಟ್ಟಿಲೆ ಮಾತಾಡಬ್ಯಾಡ್ರಿ. ನನ್ನ ಕೆಲಸಾ ನಿಮ್ಮ ಬಾಯಾಗೈತಿ.”

ಮುಂಬೈಯಿಂದ ಬಂದ ಅಧಿಕಾರಿಯ ಹೆಸರು ಸಾವಂತ. ಕೆಟ್ಟ ಮನುಷ್ಯರಲ್ಲ, ಆದರೆ ಗಡಿಬಿಡಿಯಲ್ಲಿದ್ದರು. ರಸೀದಿ ರಿಜಿಸ್ಟರಿನಲ್ಲಿದೆ ಎಂದು ಬರೆದಿದ್ದ ನಮ್ಮ ತಿದ್ದುಪಡಿ ಪತ್ರವನ್ನು ಬದಿಗೆ ಸರಿಸಿ ಇಂಗ್ಲಿಷಿನಲ್ಲಿ ಕೇಳಿದರು: ಟೇಕನ್ ಅಂದರೆ ಟೇಕನ್. ಕೆಲಸ ಹೋಗುತ್ತದೆ ಎಂದು ಗೊತ್ತಾದ ಮೇಲೆ ಅರ್ಥ ಬದಲಾಯಿತೇ? ನಾನು ನಿಘಂಟು ಒಯ್ದಿದ್ದೆ. ತೆರೆದು ತೋರಿಸಿದೆ. ಅಂಗಡಿಯಲ್ಲಿ ನಿಂತು ಇದನ್ನು ಟೇಕ್ ಮಾಡುತ್ತೇನೆ ಎಂದರೆ ಇಂಗ್ಲಿಷಿನಲ್ಲೂ ಕೊಳ್ಳುತ್ತೇನೆ ಎಂದೇ ಅರ್ಥ ಎಂದೆ. “ಅದು ಅಂಗಡಿಯ ಮಾತು. ಇದು ಕಾರ್ಖಾನೆ” ಅಂದರು. ಕನ್ನಡದಲ್ಲಿ ‘ತಗೊಂಡೆ’ ಎರಡಕ್ಕೂ ಸಲ್ಲುತ್ತದೆ ಎಂದೆ. “ನನಗೆ ಕನ್ನಡ ಬರುವುದಿಲ್ಲ, ನಿಮ್ಮ ಮಾತನ್ನು ನಂಬಬೇಕೇ? ಒಮ್ಮೆ ನಂಬಿ ಆಯಿತಲ್ಲ” ಅಂದರು. ಅವರ ಮಾತು ತಪ್ಪಾಗಿರಲಿಲ್ಲ.

ಅವರು ಫೈಲು ಮುಚ್ಚುವುದರಲ್ಲಿದ್ದರು. ಅವರ ಅಂಗಿಯ ಮೇಲೆ ನನ್ನ ಕಣ್ಣು ಬಿತ್ತು. ತಿಳಿ ನೀಲಿ, ಹೊಚ್ಚ ಹೊಸದು. ಧಾರವಾಡದ ನಮ್ಮ ಓಣಿಯಲ್ಲಿ ಮರಾಠಿ ಕೇಳುತ್ತಲೇ ಬೆಳೆದವಳು ನಾನು. ಶರ್ಟು ಎಲ್ಲಿಯದು ಎಂದು ಸುಮ್ಮನೆ ಊರ ಮಾತಿನ ಹಾಗೆ ಮರಾಠಿಯಲ್ಲಿ ಕೇಳಿದೆ, “ಸಾಹೇಬ, ಹಾ ಶರ್ಟ್ ಕುಠೇ ಘೇತಲಾ?”

“ದಾದರಲಾ ಘೇತಲಾ” ಅಂದರು, ಫೈಲು ಕಟ್ಟುತ್ತಲೇ.

ಅಂದವರ ಕೈ ಫೈಲಿನ ಮೇಲೆಯೇ ನಿಂತಿತು. ಘೇತಲಾ. ಮರಾಠಿಯಲ್ಲೂ ಒಂದೇ ಶಬ್ದ, ತೆಗೆದುಕೊಂಡದ್ದಕ್ಕೂ, ಕೊಂಡದ್ದಕ್ಕೂ. ನಾನು ಮೆಲ್ಲಗೆ ಮರಾಠಿಯಲ್ಲೇ, “ನಾನು ಇದನ್ನು ಇಂಗ್ಲಿಷಿಗೆ ಹಾಕುವಾಗ, ದಾದರಿನ ಅಂಗಡಿಯ ಶರ್ಟನ್ನು ಸಾಹೇಬರು ಒಯ್ದರು ಎಂದು ಬರೆದರೆ ಹೇಗೆ?” ಅಂದೆ. ಸಾವಂತರು ನನ್ನನ್ನು ನೋಡಿದರು, ತಮ್ಮ ಅಂಗಿ ನೋಡಿಕೊಂಡರು, ಆಮೇಲೆ ಜೋರಾಗಿ ನಕ್ಕರು. ಏನಾಯಿತೆಂದು ತಿಳಿಯದ ನೀಲವ್ವ ನನ್ನ ಮೊಣಕೈ ತಿವಿದಳು. “ಏನಂದ್ರಿ? ಬೈದ್ರೇನು?”

ಸಾವಂತರು ರಿಜಿಸ್ಟರು ತರಿಸಿದರು. ಅದು ಆ ಕೋಣೆಯ ಕಪಾಟಿನಲ್ಲೇ ಇತ್ತು. ನೀಲವ್ವ ತಾನೇ ಪುಟ ತಿರುವಿದಳು. ಅಂಟಿಸಿದ ರಸೀದಿ, ಹಳೆಯ ಮ್ಯಾನೇಜರರ ಸಹಿ, ಯಂತ್ರದ ನಂಬರು. ಇಷ್ಟು ದಿನ ಅದನ್ನು ಯಾರೂ ತೆಗೆದು ನೋಡಿರಲಿಲ್ಲ. ಆಕೆಯೇ ಒಪ್ಪಿಕೊಂಡಿದ್ದಾಳೆ ಎಂದ ಮೇಲೆ ಹುಡುಕುವ ಗರಜು ಯಾರಿಗಿದ್ದೀತು? ಸಾವಂತರು ಎದ್ದು ನಿಂತು ನೀಲವ್ವನಿಗೆ ಹಿಂದಿಯಲ್ಲಿ ಕ್ಷಮೆ ಕೇಳಿದರು. ನನಗೆ ಹೇಳಿದ್ದು ಇಷ್ಟೇ: “ನಿಮ್ಮ ಕಚೇರಿಗೆ ಇನ್ನು ಕೆಲಸ ಕಳಿಸುವುದು ಕಷ್ಟ.” ಕಳಿಸಲೂ ಇಲ್ಲ. ಒಂದು ವರ್ಷ ನಮಗೆ ಬಿಗಿಯಾಗಿಯೇ ನಡೆಯಿತು. ಇನಾಮದಾರ ಸರ್ ಆ ಬಗ್ಗೆ ಒಂದು ದಿನವೂ ನನಗೆ ಆಡಿ ತೋರಿಸಲಿಲ್ಲ.

ಆ ದಿನದಿಂದ ಒಂದು ರೂಢಿ ಹಾಕಿಕೊಂಡೆ. ಬರೆದವರು ಸಿಗುವಂತಿದ್ದರೆ, ಇಂಗ್ಲಿಷ್ ಮಾಡಿದ್ದನ್ನು ಮತ್ತೆ ಕನ್ನಡದಲ್ಲಿ ಅವರಿಗೆ ಓದಿ ಹೇಳುವುದು. ಇದೇ ನೀವು ಹೇಳಿದ್ದು ಹೌದೋ ಅಲ್ಲವೋ ಎಂದು ಕೇಳುವುದು. ಮೊದಲ ಪ್ರಯೋಗ ಮರುದಿನವೇ ಆಯಿತು. ಕೆಲಸಕ್ಕೆ ಬರುವುದಾಗಿ ಇಂಗ್ಲಿಷಿನಲ್ಲಿ ಒಂದು ಪತ್ರ ಕೊಡು ಎಂದು ಕಂಪನಿಯವರು ನೀಲವ್ವನಿಗೆ ಹೇಳಿದ್ದರು. ಆಕೆ ಬಂದು ಎದುರಿಗೆ ಕೂತಳು. ನಾನು ಟೈಪ್ ಮಾಡಿ, ಕನ್ನಡದಲ್ಲಿ ಓದಿದೆ. “ಸೋಮವಾರದಿಂದ ನನ್ನ ಕೆಲಸಾ ಮತ್ತ ಚಾಲೂ ಮಾಡ್ತೀನಿ.”

ನೀಲವ್ವ ಕೈ ಎತ್ತಿ ತಡೆದಳು. “ಮತ್ತ ಚಾಲೂ ಅಂದ್ರ, ನಡುವ ನಾನ ಬಿಟ್ಟಂಗ ಆತಲ್ರಿ. ನಾ ಬಿಟ್ಟಿಲ್ಲ. ದಿನಾ ಬುತ್ತಿ ಕಟಗೊಂಡು ಹೋಗೇನಿ. ಬಾಗಲಾ ಹಾಕಿದಾವ್ರು ಅವರು.”

“ಹೌದು,” ಎಂದು ಆ ಸಾಲು ಅಳಿಸಿದೆ. “ಏನಂತ ಬರೀಲಿ?”

ಆಕೆ ಸೆರಗು ಸರಿ ಮಾಡಿಕೊಂಡಳು.

“ಸೋಮವಾರ ಬಾಗಲಾ ತಗೀರಿ, ನಾ ಬರ್ತೇನಿ ಅಂತ ಬರೀರಿ.”

ಹಾಗೇ ಬರೆದೆ. ಒಂದು ಶಬ್ದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಎರಡು ಸಲ ಓದಿಸಿ ಕೇಳಿದ ಮೇಲೆ ನೀಲವ್ವ ಪೆನ್ನು ಇಸಿದುಕೊಂಡು, ಕೆಳಗೆ ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಬರೆದಳು.